ನಾನು ಬಾಲ ಕತ್ತರಿಸಿದ ಒಂದು ಹೆಸರು

ಜಮಖಂಡಿ ಪೇಟೆಯಲ್ಲಿ ಹಳೆಯ ಪರಿಚಯದವರು ಸಿಕ್ಕರೆ ಕೇಳುವುದು ಒಂದೇ ಮಾತು: ‘ಇಷ್ಟ ವರ್ಷ ದಿನಾ ಬಸ್ ಹಿಡದು ಬನಹಟ್ಟಿಗಿ ಹೋಗಿ ಬರ್ತಿದ್ರೆಲ್ಲ, ಅಲ್ಲೇನ ಕೆಲಸ ಮಾಡ್ತಿದ್ರಿ?’ ಪವರ್‌ಲೂಮ್ ಮಗ್ಗಗಳಿಗೆ ಕಂಟ್ರೋಲ್ ಡಬ್ಬಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕರ್ನಲ್ ಕೋಡ್ ಬರೆಯುತ್ತಿದ್ದೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಮಗ್ಗ ನಿಲ್ಲಿಸುತ್ತಿದ್ದೆ ಎಂದರೆ ಮಾತ್ರ ‘ಹಾಂ, ಹಂಗ ಹೇಳ್ರಿ’ ಎನ್ನುತ್ತಾರೆ. ಮಗ್ಗ ಓಡಿಸುವುದು ಯಾರಿಗೂ ಬರುತ್ತದೆ. ಹೇಳಿದ ಕೂಡಲೇ ನಿಲ್ಲಿಸುವುದು, ಮತ್ತು ನಿಂತದ್ದನ್ನು ನಿಂತ ಹಾಗೆಯೇ ಇಡುವುದು ನಮ್ಮ ಕೆಲಸವಾಗಿತ್ತು.

ಈಗ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಕುರ್ಚಿ ಯಾವಾಗ ದೊಡ್ಡದಾಯಿತು ಎಂಬುದೆಲ್ಲ ನನ್ನ ಹೆಂಡತಿಗೆ ನೆನಪಿದೆ, ಅವಳನ್ನೇ ಕೇಳಿಕೊಳ್ಳಿ. ನನಗೆ ನೆನಪಿರುವುದು ಒಂದು ಹೆಸರು. ಅದನ್ನು ನಾನು ಚಂದ ಮಾಡಲು ಹೋದೆ. ಅದರಿಂದ ಒಬ್ಬ ಹೆಣ್ಣುಮಗಳ ಕೈ ಹೋಗುವುದರಲ್ಲಿತ್ತು. ಆ ಮಾತಿಗೆ ಬರುವ ಮೊದಲು ಈ ಹೆಸರುಗಳ ಲೋಕ ಎಂಥದ್ದೆಂದು ಸ್ವಲ್ಪ ಹೇಳಬೇಕು. ನನಗೆ ಅದರ ಬೆರಗು ಇನ್ನೂ ಇಳಿದಿಲ್ಲ.

ಕಂಪ್ಯೂಟರಿನೊಳಗೆ ಎಲ್ಲ ತಂತ್ರಾಂಶಗಳ ಕೆಳಗೆ ಕುಳಿತು, ಯಾರಿಗೆ ಯಾವಾಗ ಏನು ಸಿಗಬೇಕೆಂದು ನಡೆಸುವ ಭಾಗವೇ ಕರ್ನಲ್. ಅಲ್ಲಿ ಒಂದೇ ವಸ್ತುವಿಗೆ ಏಕಕಾಲಕ್ಕೆ ಹತ್ತು ಕಡೆಯಿಂದ ಕೈ ಬರುತ್ತದೆ. ಮದುವೆ ಮನೆಯಲ್ಲಿ ಒಂದೇ ಬಚ್ಚಲು ಇದೆ ಎಂದುಕೊಳ್ಳಿ. ಒಳಗೆ ಹೋದವನು ಚಿಲಕ ಹಾಕಿಕೊಳ್ಳುತ್ತಾನೆ. ಆಮೇಲೆ ಬಂದವನೊಬ್ಬ ಹೊರಗೆ ಬಾಗಿಲು ಬಡಿಯುತ್ತಲೇ ನಿಲ್ಲುತ್ತಾನೆ. ಇನ್ನೊಬ್ಬ ‘ಖಾಲಿ ಆದ್ಮ್ಯಾಲ ಎಬ್ಬಸ್ರಿ’ ಎಂದು ಹೇಳಿ ಮಲಗುತ್ತಾನೆ. ಮೂರನೆಯವನು ಒಮ್ಮೆ ಬಾಗಿಲು ದೂಡಿ ನೋಡಿ, ತೆರೆಯದಿದ್ದರೆ ಬೇರೆ ಕೆಲಸಕ್ಕೆ ಹೋಗಿಬಿಡುತ್ತಾನೆ. ಕರ್ನಲ್‌ನಲ್ಲಿ ಈ ಮೂವರಿಗೂ ಬೇರೆ ಬೇರೆ ಹೆಸರಿದೆ. ಬಡಿಯುತ್ತ ನಿಲ್ಲುವುದು ಸ್ಪಿನ್, ಮಲಗಿ ಕಾಯುವುದು ಮ್ಯೂಟೆಕ್ಸ್, ದೂಡಿ ನೋಡಿ ಹೋಗುವುದು ಟ್ರೈಲಾಕ್. ಹೆಸರು ಓದಿದ ಕೂಡಲೇ ಇವನು ಯಾವ ಬಗೆಯವನು ಎಂದು ತಿಳಿಯಬೇಕು. ಮಲಗಬಾರದ ಜಾಗದಲ್ಲಿ ಮಲಗುವವನನ್ನು ಕರೆದರೆ ಇಡೀ ಯಂತ್ರ ಮಲಗುತ್ತದೆ.

ಇವುಗಳ ಜೊತೆ ಒಂದು ಬಾಲವಿದೆ. ಫಂಕ್ಷನ್ ಎಂದರೆ ಒಂದು ಕೆಲಸಕ್ಕೆ ಬರೆದಿಟ್ಟ ಕೋಡಿನ ತುಂಡು. ಅದರ ಹೆಸರಿನ ಕೊನೆಗೆ ‘ಲಾಕ್ಡ್’ ಎಂದಿದ್ದರೆ, ‘ನನ್ನನ್ನು ಕರೆಯುವ ಮೊದಲೇ ನೀನು ಚಿಲಕ ಹಾಕಿರಬೇಕು, ನಾನು ಹಾಕುವುದಿಲ್ಲ’ ಎಂದು ಅರ್ಥ. ಬಾಲವಿಲ್ಲದಿದ್ದರೆ, ‘ನೀನು ಸುಮ್ಮನೆ ಕರೆ, ಚಿಲಕದ ಚಿಂತೆ ನನ್ನದು’ ಎಂದು. ಕೆಲವರು ಬಾಲದ ಬದಲು ಹೆಸರಿನ ಮುಂದೆ ಎರಡು ಅಡಿಗೆರೆ ಎಳೆಯುತ್ತಾರೆ. ಇಷ್ಟೇ ಪದ್ಧತಿ. ಇದನ್ನು ತಿಳಿಯದೆ, ಚಿಲಕ ಹಾಕಿಕೊಂಡೇ ಇರುವವನು ಮತ್ತೆ ಚಿಲಕ ಹಾಕುವ ಫಂಕ್ಷನ್ನನ್ನು ಕರೆದನೆಂದರೆ, ತಾನೇ ಒಳಗಿದ್ದು ತಾನು ಹೊರಬರಲೆಂದು ಕಾಯುತ್ತ ನಿಲ್ಲುತ್ತಾನೆ. ಆ ಕಾಯುವಿಕೆಗೆ ಕೊನೆಯಿಲ್ಲ.

ನನ್ನನ್ನು ಮೊದಲ ಸಲ ಬೆರಗುಗೊಳಿಸಿದ್ದು ಈ ಪದ್ಧತಿಯಲ್ಲ, ಇದಕ್ಕೆ ಯಾರ ಕಾವಲೂ ಇಲ್ಲ ಎಂಬ ಸಂಗತಿ. ನಾವು ಬಳಸುತ್ತಿದ್ದದ್ದು ಯಾರು ಬೇಕಾದರೂ ಓದಬಹುದಾದ, ತಿದ್ದುಪಡಿ ಕಳಿಸಬಹುದಾದ ಕರ್ನಲ್. ಅದನ್ನು ಬರೆದವರು ಲೋಕದ ತುಂಬ ಹರಡಿದ್ದಾರೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಹೆಸರು ಸುಳ್ಳಾಗಿದ್ದರೆ ಯಂತ್ರ ತಕರಾರು ಮಾಡುವುದಿಲ್ಲ, ಅದಕ್ಕೆ ಹೆಸರೆಂದರೆ ಬರೀ ಅಕ್ಷರ. ಆದರೂ ನಾನು ತಿಂಗಳುಗಟ್ಟಲೆ ಓದಿದೆ, ಬಾಲವಿದ್ದಲ್ಲೆಲ್ಲ ಚಿಲಕ ಮೊದಲೇ ಬಿದ್ದಿತ್ತು, ಬಾಲವಿಲ್ಲದಲ್ಲಿ ಒಳಗೆ ಬೀಳುತ್ತಿತ್ತು. ಸಾವಿರಾರು ಅಪರಿಚಿತರು ಆಡಿದ ಮಾತಿನಂತೆ ನಡೆದುಕೊಂಡಿದ್ದರು. ಓದುತ್ತ ಓದುತ್ತ ನನಗೆ ಒಂದು ಬಗೆಯ ಭಯಭಕ್ತಿಯೇ ಹುಟ್ಟಿತು, ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಇದನ್ನು ಒಮ್ಮೆ ನಮ್ಮ ಹೊಸೂರ ಸರ್ ಅವರಿಗೆ ಹೇಳಿದೆ. ಅವರು ಕಾರ್ಖಾನೆಯ ಮುಖ್ಯ ಎಂಜಿನಿಯರ್, ನನ್ನ ಮೇಲಿನವರು. ಕಡಿಮೆ ಮಾತು, ಎಲೆ ಅಡಿಕೆ ಜಾಸ್ತಿ. ಮುಂದಿನ ರವಿವಾರ ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಚಿಕ್ಕಪಡಸಲಗಿಗೆ ಕರೆದುಕೊಂಡು ಹೋದರು. ಕೃಷ್ಣೆಗೆ ಅಡ್ಡಲಾಗಿ ರೈತರೇ ಕಟ್ಟಿಕೊಂಡ ಬ್ಯಾರೇಜಿನ ಮೇಲೆ ನಿಂತು, ಅರ್ಧ ತಾಸು ನೀರು ನೋಡಿದರು. ಆಮೇಲೆ, ‘ಇಲ್ಲಿ ಯಾವ ಕಲ್ಲು ಯಾರು ಹೊತ್ತಾರ ಅಂತ ಬರದಿಲ್ಲ. ಒಂದ ಕಲ್ಲು ಪೊಳ್ಳ ಇಟ್ಟಿದ್ರ ಗೊತ್ತಾಗ್ತಿತ್ತು’ ಎಂದರು. ಅವರ ಪಾಠಗಳೆಲ್ಲ ಹೀಗೆಯೇ, ಪೆಟ್ರೋಲು ಖರ್ಚಾಗುತ್ತಿತ್ತು, ಮಾತು ಖರ್ಚಾಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವರು ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿ ಕೋಡ್ ಓದಿಸುತ್ತಿದ್ದರು. ಗಟ್ಟಿಯಾಗಿ, ಪುರಾಣ ಓದಿದ ಹಾಗೆ. ಒಬ್ಬ ಹೆಸರು ಓದಬೇಕು. ಸರ್ ಕೇಳುತ್ತಿದ್ದರು: ‘ಕೀಲಿ ಯಾರ ಹಾಕ್ಯಾರ?’ ಚಿಲಕವನ್ನು ನಾವು ಕೀಲಿ ಎನ್ನುತ್ತಿದ್ದೆವು. ಉಳಿದವರು ಹೆಸರು ಕೇಳಿಯೇ ಉತ್ತರ ಹೇಳಬೇಕು. ಒಳಗೆ ಇಣುಕಿ ನೋಡಿ ಹೇಳಿದರೆ ನಡೆಯುವುದಿಲ್ಲ. ಉತ್ತರ ಹೊಳೆಯದಿದ್ದರೆ ಹೆಸರೇ ತಪ್ಪು, ಅಂದೇ ಬದಲಾಗಬೇಕು. ಹೊಸದಾಗಿ ಸೇರಿದವರು ಹೊರಗೆ ಹೋಗಿ ನಗುತ್ತಿದ್ದರು. ನಾನೂ ನಕ್ಕವನೇ.

ನಗು ನಿಂತದ್ದು ಮುಧೋಳದಲ್ಲಿ. ಅಲ್ಲಿ ಒಂದು ಕಾರ್ಖಾನೆಗೆ ನಾವು ಕೊಟ್ಟಿದ್ದ ಡಬ್ಬಿ ದಿನಕ್ಕೊಮ್ಮೆ ಕಿವುಡಾಗುತ್ತಿತ್ತು. ದೀಪ ಉರಿಯುತ್ತದೆ, ಲೆಕ್ಕ ತೋರಿಸುತ್ತದೆ, ಬಟನ್ ಒತ್ತಿದರೆ ಮಾತ್ರ ಕೇಳಿಸದು. ಹೋಗಿ ನೋಡಿದರೆ ತಪ್ಪು ನನ್ನದೇ. ಒಂದು ಬಗೆಯ ಕೀಲಿ ಇದೆ, ಅದನ್ನು ಹಾಕುವಾಗ ಯಂತ್ರ ಹೊರಗಿನ ಕರೆಗಳಿಗೆ ಕಿವಿ ಮುಚ್ಚಿಕೊಳ್ಳುತ್ತದೆ. ತೆಗೆಯುವಾಗ ಅದಕ್ಕೆ ಜೋಡಿಯಾದ ಹೆಸರಿನಿಂದಲೇ ತೆಗೆಯಬೇಕು, ಆಗ ಕಿವಿಯೂ ತೆರೆಯುತ್ತದೆ. ನಾನು ಸಾದಾ ಹೆಸರಿನಿಂದ ತೆಗೆದಿದ್ದೆ. ಕೀಲಿ ತೆರೆಯಿತು, ಕಿವಿ ಮುಚ್ಚಿಯೇ ಉಳಿಯಿತು. ಅಲ್ಲಿನ ಫಿಟ್ಟರ್ ನನ್ನ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡು, ‘ಅಂದ್ರ ನಮ್ಮ ಹಳೇ ಮ್ಯಾನೇಜರ್ ಹಂಗ ಬಿಡ್ರಿ, ಎಚ್ಚರ ಇರ್ತಾರ, ಕೇಳೂದಿಲ್ಲ’ ಎಂದ. ಜೋಡಿ ಹೆಸರುಗಳನ್ನು ಅಂದಿನಿಂದ ನಾನು ತಪ್ಪಿಸಿಲ್ಲ.

ಇನ್ನು ಶಾಂತವ್ವನವರ ವಿಷಯ.

ನಮ್ಮ ಡಬ್ಬಿಗಳನ್ನು ಹೊರಗೆ ಕೊಡುವ ಮೊದಲು ಬನಹಟ್ಟಿಯ ಒಂದು ಮಗ್ಗದ ಶೆಡ್ಡಿನಲ್ಲಿ ಹಚ್ಚಿ ನೋಡುತ್ತಿದ್ದೆವು. ಶಾಂತವ್ವ ಅಲ್ಲಿ ನೇಯುತ್ತಿದ್ದರು. ರಬಕವಿಯವರು, ಗಂಡ ಇಲ್ಲ, ಅವರು ನೇಯ್ದರೆ ಮನೆ ನಡೆಯುವುದು. ಎರಡು ಮಗ್ಗ ಅವರ ಕೈಯಲ್ಲಿ. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲುಗಳಲ್ಲಿ, ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಕೈ ಒಳಗೆ ಹಾಕಿ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಎಳೆ ಕೂಡಿಸುತ್ತಿದ್ದರು. ಕೂಡಿಸಿದ ಜಾಗ ಎಲ್ಲಿದೆ ಎಂದು ನನಗೆ ಒಮ್ಮೆಯೂ ಕಂಡುಹಿಡಿಯಲು ಆಗಲಿಲ್ಲ. ಆ ಬೆರಳುಗಳನ್ನು ನೋಡುತ್ತ ನಿಂತು ಬಂದ ಕೆಲಸ ಮರೆತದ್ದುಂಟು.

ಆ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಕೈ ಒಳಗೆ ಹಾಕುವ ಮೊದಲು, ಮೋಟಾರಿನ ಓಟವನ್ನು ಮಗ್ಗಕ್ಕೆ ಕೂಡಿಸಿ ಬಿಡಿಸುವ ಚಾಲೂ ಹ್ಯಾಂಡಲನ್ನು ಬಂದ್ ಕಡೆಗೆ ಎಳೆದು, ಅದಕ್ಕೊಂದು ಅರಿವೆಯ ಪಟ್ಟಿ ಕಟ್ಟುತ್ತಿದ್ದರು. ಶೆಡ್ಡಿನ ಸದ್ದಿನಲ್ಲಿ ಕೂಗಿದರೆ ಪಕ್ಕದವರಿಗೂ ಕೇಳಿಸುವುದಿಲ್ಲ, ಹಾಗಾಗಿ ಗಂಟೇ ಮಾತು. ಒಬ್ಬೊಬ್ಬರ ಗಂಟು ಒಂದೊಂದು ತರಹ. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಮುಟ್ಟುವಂತಿಲ್ಲ. ಒಮ್ಮೆ ಶಾಂತವ್ವ ಗಂಟು ಬಿಚ್ಚುವುದನ್ನು ಮರೆತು ರಬಕವಿಗೆ ಮದುವೆಗೆ ಹೋಗಿಬಿಟ್ಟರು. ಮಗ್ಗ ಸುಮ್ಮನೆ ನಿಂತಿತು. ಶೆಡ್ಡಿನ ಮಾಲಕರು ಬಂದರು, ಗಂಟು ನೋಡಿದರು, ‘ಶಾಂತವ್ವಂದೈತಿ’ ಎಂದು ಒಬ್ಬನಿಗೆ ಬೈಕು ಕೊಟ್ಟು ಕಳಿಸಿದರು. ಊಟದ ಪಂಕ್ತಿಯಿಂದ ಎದ್ದು ಬಂದು, ರೇಷ್ಮೆ ಸೀರೆಯಲ್ಲೇ ಅವರು ಗಂಟು ಬಿಚ್ಚಿ ಹೋದರು. ಸ್ವಂತ ಮಗ್ಗದ ಗಂಟನ್ನು ಮಾಲಕನೂ ಬಿಚ್ಚಲಿಲ್ಲವಲ್ಲ ಎಂದು ನಾನು ಆಗ ನಕ್ಕಿದ್ದೆ. ಕೆಲಸ ಹಾಳು ಎಂದು ಲೆಕ್ಕ ಹಾಕಿದ್ದೆ.

ಹೊಸ ಡಬ್ಬಿ ಬಂದದ್ದು ಅದೇ ದಿನಗಳಲ್ಲಿ. ಎರಡು ಮಗ್ಗಕ್ಕೆ ಒಂದೇ ಡಬ್ಬಿ, ಮೋಟಾರನ್ನೇ ಚಾಲೂ ಬಂದ್ ಮಾಡುತ್ತದೆ. ಕೆಂಪು ಬಟನ್ ಒತ್ತಿದರೆ ಮೋಟಾರ್ ನಿಲ್ಲುತ್ತದೆ, ಕೆಂಪು ದೀಪ ಹತ್ತುತ್ತದೆ. ನಾನು ಶಾಂತವ್ವನವರಿಗೆ ತೋರಿಸಿ, ಸ್ವಲ್ಪ ಜಂಬದಿಂದಲೇ ಹೇಳಿದೆ:

‘ಇನ್ನ ಗಂಟ ಕಟ್ಟೂದು ಬ್ಯಾಡ ಬಿಡ್ರಿ ಶಾಂತವ್ವಾರ. ಕೆಂಪ ದೀಪ ಹತ್ತಿದ್ರ ಮುಗೀತು.’

‘ಡಬ್ಬಿ ಛಲೋ ಐತ್ರಿ ಸಾಹೇಬ್ರ’ ಎಂದರು ಅವರು.

ಈಗ ನನ್ನ ತಪ್ಪು. ಡಬ್ಬಿಯ ಕೋಡಿನಲ್ಲಿ ಎರಡೂ ಮಗ್ಗಗಳ ಸ್ಥಿತಿಯನ್ನು ಒಂದೇ ಹಲಗೆಯ ಮೇಲೆ ಬರೆದ ಹಾಗೆ ಒಟ್ಟಿಗೆ ಬರೆಯುತ್ತಿದ್ದೆವು: ಒಂದನೆಯದು ಚಾಲೂ, ಎರಡನೆಯದು ಬಂದ್, ಹೀಗೆ. ಬರೆಯುವ ಫಂಕ್ಷನ್ ಒಂದಿತ್ತು, ಅದಕ್ಕೆ ಲಾಕ್ಡ್ ಬಾಲವಿತ್ತು. ಅಂದರೆ ಕರೆಯುವವನು ಕೀಲಿ ಹಾಕಿ, ಹಲಗೆಯನ್ನು ಆಗಲೇ ಓದಿ, ತನ್ನ ಮಗ್ಗದ್ದನ್ನಷ್ಟೇ ಬದಲಿಸಿ ಕೊಡಬೇಕು. ಕೊಟ್ಟದ್ದನ್ನು ಅದು ಕಣ್ಣು ಮುಚ್ಚಿ ಬರೆಯುತ್ತದೆ. ಕರೆಯುವವನ ಮೇಲೆ ಅದಕ್ಕೆ ಅಷ್ಟು ನಂಬಿಕೆ.

ಒಂದು ಮಧ್ಯಾಹ್ನ ಕೆಲಸ ಕಡಿಮೆ ಇತ್ತು. ನನಗೆ ಮೊದಲಿನಿಂದಲೂ ಓರಣದ ಹುಚ್ಚು, ಉದ್ದ ಹೆಸರು ಕಂಡರೆ ಕೈ ತುರಿಸುತ್ತದೆ. ಈ ಹೆಸರು ಸಾಲಿನ ಅಂಚು ದಾಟಿ ಕೆಳಗೆ ಬೀಳುತ್ತಿತ್ತು. ಇದನ್ನು ಕರೆಯುವ ಕಡೆಗಳಲ್ಲೆಲ್ಲ ಆಗ ಕೀಲಿ ಸರಿಯಾಗಿಯೇ ಇತ್ತು. ಹಾಗಿದ್ದ ಮೇಲೆ ಬಾಲ ಯಾಕೆ ಎಂದು ಕತ್ತರಿಸಿದೆ. ಒಳಗಿನ ಕೋಡು ಒಂದಕ್ಷರವೂ ಬದಲಾಗಲಿಲ್ಲ. ಬರೀ ಹೆಸರು ತಾನೇ ಎಂದು ಸೋಮವಾರದ ಓದಿಗೂ ಇಡಲಿಲ್ಲ. ನಮ್ಮ ಆ ಕೋಡು ಲೋಕದವರೆಲ್ಲ ಹಂಚಿಕೊಂಡು ಬಳಸುವ ಕರ್ನಲ್‌ನೊಳಗೂ ಸೇರಿತ್ತಾದ್ದರಿಂದ ತಿದ್ದುಪಡಿಯನ್ನು ಅಲ್ಲಿಗೂ ಕಳಿಸಿದೆ. ಆ ಭಾಗವನ್ನು ನೋಡಿಕೊಳ್ಳುವವರು ಸಮುದ್ರದಾಚೆಯ ಯಾರೋ ಒಬ್ಬರು. ನನ್ನ ಹತ್ತು ಪುಟದ ಪತ್ರಕ್ಕೂ ಒಂದೇ ಸಾಲಿನ ಉತ್ತರ ಬರೆಯುವವರು. ಹಿಂದೊಮ್ಮೆ ನನ್ನ ಕೋಡನ್ನು ‘ಹೆಸರು ಸುಳ್ಳು ಹೇಳುತ್ತಿದೆ’ ಎಂದಷ್ಟೇ ಬರೆದು ತಿರುಗಿಸಿ ಕಳಿಸಿದ್ದರು. ಈ ಸಲ ಅವರೂ ‘ಸರಿ’ ಎಂದು ಒಪ್ಪಿಕೊಂಡರು. ನನಗೆ ಹಿಗ್ಗು.

ಕೆಲವು ವಾರಗಳ ನಂತರ ನಮ್ಮ ಬೀರಪ್ಪ ಒಂದು ಹೊಸ ಸೌಲಭ್ಯ ಬರೆದ. ಬೀರಪ್ಪ ಬೀಳಗಿ ಕಡೆಯವನು, ಅಪ್ಪ ಕುರಿ ಕಾಯುವವರು, ನಮ್ಮಲ್ಲಿ ಅವನಷ್ಟು ಎಚ್ಚರದ ಎಂಜಿನಿಯರ್ ಇನ್ನೊಬ್ಬನಿರಲಿಲ್ಲ. ಮಗ್ಗ ಒಮ್ಮೆಲೇ ಜಗ್ಗಿ ಎಳೆ ಕಡಿಯದಂತೆ, ಮೋಟಾರನ್ನು ಹಂತ ಹಂತವಾಗಿ ಏರಿಸುವ ನಿಧಾನ ಚಾಲೂ ಅದು. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಕೆಲವು ಸೆಕೆಂಡು. ಪ್ರತಿ ಹಂತಕ್ಕೂ ಹಲಗೆಗೆ ಬರೆಯಬೇಕು. ಬೀರಪ್ಪ ನನ್ನ ಚಂದದ ಹೆಸರು ನೋಡಿದ. ಬಾಲವಿಲ್ಲ. ಅಂದರೆ ಕೀಲಿ ಅದೇ ಹಾಕಿಕೊಳ್ಳುತ್ತದೆ, ಹಲಗೆಯನ್ನು ಹೊಸದಾಗಿ ಓದಿಕೊಂಡು ಬರೆಯುತ್ತದೆ ಎಂದು ನಂಬಿದ. ಮೊದಲು ಓದಿಟ್ಟುಕೊಂಡ ಹಲಗೆಯ ಪ್ರತಿಯನ್ನೇ ಎಲ್ಲ ಹಂತಗಳಿಗೂ ಕೊಟ್ಟ. ಪದ್ಧತಿ ಬಲ್ಲವರು ಯಾರಾದರೂ ಹಾಗೆಯೇ ಮಾಡುತ್ತಿದ್ದರು.

ಒಂದೊಂದೇ ಮಗ್ಗ ನಡೆಸಿ ನೋಡಿದೆವು, ಎಲ್ಲ ಸರಿ. ಶೆಡ್ಡಿಗೆ ಒಯ್ದು ಹಚ್ಚಿದೆವು.

ಬೆಳಿಗ್ಗೆ ಹತ್ತರ ಹೊತ್ತು. ಶಾಂತವ್ವ ಎರಡನೇ ಮಗ್ಗದ ಚಾಲೂ ಬಟನ್ ಒತ್ತಿದರು, ಅದು ನಿಧಾನ ಏರತೊಡಗಿತು. ಅಷ್ಟರಲ್ಲಿ ಒಂದನೇ ಮಗ್ಗದಲ್ಲಿ ಎಳೆ ಕಡಿಯಿತು. ಕೆಂಪು ಬಟನ್ ಒತ್ತಿದರು. ಮಗ್ಗ ನಿಂತಿತು, ಕೆಂಪು ದೀಪ ಹತ್ತಿತು. ನಾನು ಆಚೆ ಬದಿಗೆ ಡಬ್ಬಿಯ ಹತ್ತಿರ ನಿಂತಿದ್ದೆ. ಅವರು ಕೈ ಒಳಗೆ ಹಾಕಿದ್ದು ಕಂಡಿತು. ಆಗ ಎರಡನೇ ಮಗ್ಗದ ಮುಂದಿನ ಹಂತ ಬಂತು. ಅದರ ಕೈಯಲ್ಲಿದ್ದ ಹಳೆಯ ಪ್ರತಿಯಲ್ಲಿ ಒಂದನೇ ಮಗ್ಗ ಇನ್ನೂ ‘ಚಾಲೂ’. ಅದನ್ನೇ ಹಲಗೆಗೆ ಬರೆಯಿತು. ಕೆಂಪು ದೀಪ ಉರಿಯುತ್ತಿದ್ದಂತೆಯೇ ಒಂದನೇ ಮಗ್ಗದ ಮೋಟಾರ್ ಗುರ್ ಎಂದು ಎದ್ದಿತು.

ನಾನು ಮೇನ್ ಸ್ವಿಚ್ಚಿನ ಕಡೆಗೆ ಓಡಿದೆ. ಕೂಗಿದೆನೋ ಇಲ್ಲವೋ ಗೊತ್ತಿಲ್ಲ.

ಮೋಟಾರ್ ಓಡುತ್ತಿತ್ತು, ಮಗ್ಗ ಅಲುಗಲಿಲ್ಲ. ಶಾಂತವ್ವ ಕೈ ತೆಗೆದು ಹಿಂದೆ ಸರಿದು ನಿಂತರು. ನಾನು ಮೇನ್ ಸ್ವಿಚ್ ತೆಗೆದು ಸುತ್ತಿ ಬಂದು ನೋಡಿದರೆ, ಹ್ಯಾಂಡಲ್ ಬಂದ್ ಕಡೆಗಿತ್ತು, ಅದಕ್ಕೆ ಅರಿವೆಯ ಗಂಟು ಬಿಗಿದಿತ್ತು. ಮೋಟಾರಿನ ಬೆಲ್ಟು ಮಗ್ಗಕ್ಕೆ ಕೂಡಿರದ ಸಡಿಲ ಗಾಲಿಯ ಮೇಲೆ ಸುಮ್ಮನೆ ತಿರುಗಿತ್ತು, ಮಗ್ಗಕ್ಕೆ ಓಟ ಹೋಗಿರಲಿಲ್ಲ.

‘ನಾ ಬ್ಯಾಡ ಅಂದಿದ್ನೆಲ್ರಿ ಗಂಟ’ ಎಂದೆ. ಇಂಥ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಈ ಮಾತು. ಈಗಲೂ ನೆನೆದರೆ ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತದೆ.

ಶಾಂತವ್ವ ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. ‘ಗಂಟ ನನ್ನ ಸಂಬಂಧ ಅಲ್ರಿ’ ಎಂದರು. ‘ಕೈ ಒಳಗೈತಿ ಅನ್ನೂದು ನನಗ ಗೊತ್ತಿರತೈತಿ. ಹ್ಯಾಂಡಲ್ ಮುಟ್ಟಾಕ ಬಂದವ್ರಿಗಿ ಗೊತ್ತಾಗ್ಲಿ ಅಂತ ಕಟ್ಟೂದು. ದೀಪ ಯಾರ ಕೈ ಅಂತ ಹೇಳತೈತೇನ್ರಿ?’

ಹೊಸೂರ ಸರ್ ಅಂದೇ ಡಬ್ಬಿಗಳನ್ನೆಲ್ಲ ತೆಗೆಸಿದರು, ಹೊರಗೆ ಹೋಗುವುದಿದ್ದವನ್ನು ತಡೆದರು. ಮಾರನೆಯ ದಿನ ಸೋಮವಾರವಲ್ಲದಿದ್ದರೂ ಚಾಪೆ ಹಾಸಿದರು. ನಿಧಾನ ಚಾಲೂ ಬರೆದವನು ಬೀರಪ್ಪ, ಎಲ್ಲರ ಕಣ್ಣು ಅವನ ಮೇಲೆ. ಅವನು ತನ್ನ ಕೋಡನ್ನು ಗಟ್ಟಿಯಾಗಿ ಓದುತ್ತ ಆ ಹೆಸರಿಗೆ ಬಂದ.

‘ಕೀಲಿ ಯಾರ ಹಾಕ್ಯಾರ?’ ಸರ್ ಕೇಳಿದರು.

‘ಬಾಲ ಇಲ್ರಿ ಸರ್. ಅದ ಹಾಕ್ಕೋತೈತ್ರಿ.’

‘ಉಳದವ್ರು?’

ಎಲ್ಲರೂ ಅದನ್ನೇ ಹೇಳಿದರು. ಸರ್ ಮೊದಲ ಸಲ ತಮ್ಮ ನಿಯಮ ಮುರಿದರು. ‘ಒಳಗ ಇಣುಕು’ ಎಂದರು. ಬೀರಪ್ಪ ಇಣುಕಿದ. ಒಳಗೆ ಕೀಲಿ ಇರಲಿಲ್ಲ. ಅವನಿಗೆ ಅರ್ಥವಾಗದೆ ಮೇಲೆ ಕೆಳಗೆ ಹುಡುಕಿದ, ತನ್ನದೇ ಕಣ್ಣು ತಪ್ಪಿತೇನೋ ಎಂಬಂತೆ.

ಆ ಹೊತ್ತಿಗೆ ನಾನು ಎದ್ದು ನಿಂತು ಹೇಳಿದೆ ಎಂದು ಬರೆಯಬೇಕೆಂಬ ಆಸೆ ಇದೆ. ಏಳಲಿಲ್ಲ. ಹೆಸರು ಕಿವಿಗೆ ಬಿದ್ದ ಕೂಡಲೇ ನನಗೆ ಎಲ್ಲ ತಿಳಿದಿತ್ತು, ಆದರೂ ಚಾಪೆಯ ಎಳೆ ಕೀಳುತ್ತ ಕುಳಿತೆ. ಯಾರು ಯಾವ ಸಾಲು ಯಾವಾಗ ಬದಲಿಸಿದರು ಎಂಬ ಇತಿಹಾಸ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಸರ್ ಅದನ್ನು ತೆರೆದರು. ನನ್ನ ಹೆಸರು, ಅದರ ಮುಂದೆ ನಾನೇ ಬರೆದ ಕಾರಣ: ‘ಹೆಸರು ಓರಣಗೊಳಿಸಲಾಗಿದೆ.’

ಸರ್ ನನ್ನನ್ನು ಬೈಯಲಿಲ್ಲ. ಬೀರಪ್ಪನ ಕಡೆ ತಿರುಗಿ, ‘ನಿಂದೇನ ತಪ್ಪಿಲ್ಲಪ. ನೀ ಓದಿದ್ದು ಬರೋಬ್ಬರಿ ಐತಿ’ ಎಂದರು. ಆಮೇಲೆ ನನಗೆ, ‘ಹೋಗಿ ಆ ಅಕ್ಕಗ ಹೇಳಿ ಬಾ. ನಾ ಹೇಳೂದಲ್ಲ ಅದು’ ಎಂದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಶೆಡ್ಡಿಗೆ ಹೋದೆ. ಮಗ್ಗಗಳ ಸದ್ದಿನಲ್ಲಿ ಹೇಳುವಂಥ ಮಾತಲ್ಲ, ಹೊರಗೆ ಬೇವಿನ ನೆರಳಿಗೆ ಕರೆದು ಹೇಳಿದೆ. ಒಂದು ಹೆಸರಿತ್ತು, ಕೈ ಒಳಗಿದೆ ಎಂದು ಹೇಳುವ ಗುರುತು ಅದರಲ್ಲಿತ್ತು, ಉದ್ದವಾಯಿತೆಂದು ನಾನು ತೆಗೆದೆ, ಅದನ್ನು ನಂಬಿದವನು ಮೋಸ ಹೋದ. ಅವರು ಕೊನೆಯವರೆಗೂ ಕೇಳಿದರು.

‘ಚಂದ ಕಾಣ್ಲಿ ಅಂತ ತೆಗದ್ರಿ?’

‘ಹೌದ್ರಿ.’

‘ನಿಮ್ಮ ಮಾತ ಕೇಳಿ ನಾನೂ ಗಂಟ ಬಿಟ್ಟಿದ್ರ?’

ಅವರಿಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಕೊನೆಗೆ, ‘ಮೊದಲ ಇದ್ದಂಗ ಇಡ್ರಿ ಅದನ್ನ’ ಎಂದು ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ಬಾಲವನ್ನು ಮತ್ತೆ ಹಚ್ಚಿದೆ. ಇನ್ನೊಂದು ಸಾಲನ್ನೂ ಸೇರಿಸಿದೆ: ಕೀಲಿ ಹಾಕದೆ ಯಾರಾದರೂ ಈ ಫಂಕ್ಷನ್ನನ್ನು ಕರೆದರೆ ಯಂತ್ರವೇ ಕೂಗಿ ಹೇಳುವ ಸಾಲು. ಇಂಥ ಕಾವಲು ಸಾಲುಗಳು ಆಗ ನಮ್ಮ ಕೋಡಿನಲ್ಲಿ ಇರಲಿಲ್ಲ. ಈಗ ಕಾಲ ಬದಲಾಗಿದೆ. ಕೀಲಿ ಹಿಡಿಯುವ ಸರದಿ ತಪ್ಪಿದರೆ ಎಚ್ಚರಿಸುವ ಸಾಧನಗಳಿವೆ, ಕೆಲಸ ಮುಗಿದ ಕೂಡಲೇ ತಾನಾಗಿ ತೆರೆದುಕೊಳ್ಳುವ ಕೀಲಿಗಳೂ ಬಂದಿವೆ. ಹೊಸಬರೇ, ಅವನ್ನೆಲ್ಲ ಬಳಸಿ. ಆದರೆ ಸಾಧನ ಕೂಗುವುದು ತಪ್ಪು ನಡೆದ ಮೇಲೆ. ಹೆಸರು ಹೇಳುವುದು ನಡೆಯುವ ಮೊದಲು. ಅದಕ್ಕಾಗಿ ಹೆಸರನ್ನು ಬಿಡಬೇಡಿ. ಡಬ್ಬಿಯ ಜೊತೆ ಕಳಿಸುವ ಪುಸ್ತಕದಲ್ಲಿ ಹೊಸೂರ ಸರ್ ಮೊದಲ ಪುಟದಲ್ಲೇ ಬರೆಸಿದರು, ಕೈ ಹಾಕುವ ಮೊದಲು ಹ್ಯಾಂಡಲ್ ಎಳೆದು ಗಂಟು ಕಟ್ಟಿ ಎಂದು.

ತಿದ್ದುಪಡಿಯನ್ನು ಎಲ್ಲರ ಕರ್ನಲ್‌ಗೂ ಕಳಿಸಬೇಕಿತ್ತು. ಅಲ್ಲಿ ಏನು ಬದಲಿಸಿದೆ ಎನ್ನುವುದಕ್ಕಿಂತ ಯಾಕೆ ಬದಲಿಸಿದೆ ಎಂದು ಬರೆಯುವುದು ವಾಡಿಕೆ. ನಾನು ಮೊದಲು ‘ಹಳೆಯ ಹೆಸರನ್ನು ಮರಳಿ ತರಲಾಗಿದೆ’ ಎಂದಷ್ಟೇ ಬರೆದೆ. ಸರ್ ನನ್ನ ಬೆನ್ನ ಹಿಂದೆ ನಿಂತು ಓದಿದರು.

‘ಯಾಕ ಅಂತ ಖರೆ ಬರಿ’ ಎಂದರು.

ಬರೆದೆ. ಬನಹಟ್ಟಿಯ ಶೆಡ್ಡು, ಎರಡು ಮಗ್ಗ, ಒಬ್ಬ ನೇಕಾರ್ತಿ, ಒಳಗಿದ್ದ ಕೈ, ನಾನು ತೆಗೆದ ಬಾಲ. ಶಾಂತವ್ವನವರ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದೆ. ಲೋಕದ ಯಾರು ಬೇಕಾದರೂ ಓದಬಹುದಾದ ಜಾಗದಲ್ಲಿ ನನ್ನ ದಡ್ಡತನ ಎಂದೆಂದಿಗೂ ಉಳಿಯುತ್ತದೆ ಎಂದು ಗೊತ್ತಿದ್ದೇ ಬರೆದೆ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲಿನ ಉತ್ತರ ಬರೆಯುವ ಅವರಿಂದ ಪತ್ರ ಬಂತು. ಬರೆದದ್ದು ಇಂಗ್ಲಿಷಿನಲ್ಲಿ, ಅರ್ಥ ಇಷ್ಟು: ‘ಆ ಬಾಲ ತೆಗೆದಾಗ ನಾನೂ ಒಳಗೆ ನೋಡದೆ ಸರಿ ಎಂದಿದ್ದೆ. ತಪ್ಪಿನಲ್ಲಿ ನನ್ನದೂ ಪಾಲಿದೆ, ಅದನ್ನೂ ಸೇರಿಸಿ ಬರೆಯಿರಿ. ಆಕೆಯ ಕೈ ಹೇಗಿದೆ? ಅದನ್ನು ತಿಳಿಸಿದ ಮೇಲೆ ಇದನ್ನು ಸೇರಿಸುತ್ತೇನೆ.’

ಇಷ್ಟು ವರ್ಷ ನಾನು ಭಯಭಕ್ತಿಯಿಂದ ಓದುತ್ತಿದ್ದ ಹೆಸರುಗಳ ಹಿಂದೆ ಇಂಥವರು ಕುಳಿತಿದ್ದಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಉತ್ತರ ನಾನೇ ಬರೆದುಬಿಡಬಹುದಿತ್ತು, ಆದರೆ ಕೇಳಿದ್ದು ನನ್ನ ಕೈಯನ್ನಲ್ಲ. ಪತ್ರವನ್ನು ಕಾಗದದ ಮೇಲೆ ತೆಗೆದುಕೊಂಡು ಶೆಡ್ಡಿಗೆ ಹೋಗಿ, ಶಾಂತವ್ವನವರಿಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವರು ಕಾಗದ ಇಸಿದುಕೊಂಡು ತಿರುಗಿಸಿ ನೋಡಿದರು. ‘ಯಾವೂರವ್ರು?’

‘ಗೊತ್ತಿಲ್ರಿ. ದೂರದವ್ರು. ನಾನೂ ನೋಡಿಲ್ಲ ಅವ್ರನ್ನ.’

‘ಅವ್ರು ನನ್ನೂ ನೋಡಿಲ್ಲ.’

‘ಇಲ್ರಿ.’

‘ನೋಡ್ದ ನನ್ನ ಕೈ ಕೇಳ್ಯಾರ’ ಎಂದರು. ಬೇವಿನ ನೆರಳಿನ ಮಾತಿನ ನಂತರ ನನ್ನೊಡನೆ ಅವರು ಸರಿಯಾಗಿ ಮಾತಾಡಿರಲಿಲ್ಲ. ಈಗ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು, ಬೆರಳು ಅಗಲಿಸಿ ನನ್ನ ಮುಂದೆ ಹಿಡಿದರು.

‘ಅಂದಾಜಲೆ ಬರೀಬ್ಯಾಡ್ರಿ ಸಾಹೇಬ್ರ. ಎಣಿಸಿ ಬರೀರಿ.’

ಎಣಿಸತೊಡಗಿದೆ. ಏಳಕ್ಕೆ ಬರುವಷ್ಟರಲ್ಲಿ ನನಗೆ ಏನೂ ಕಾಣಿಸದಾಯಿತು. ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ, ಹಾಗೆಯೇ ಹಿಡಿದು ನಿಂತರು. ಕಣ್ಣು ಒರೆಸಿಕೊಂಡು ಮೊದಲಿನಿಂದ ಎಣಿಸಿದೆ. ಹತ್ತೂ ಇದ್ದವು. ಹಾಗೆಂದೇ ಬರೆದು ಕಳಿಸಿದೆ.